ಹಳೇ ಅಂಬಾಸಿಡರ್‌ನ ಪೆಟ್ರೋಲ್ ಪೈಪು, ವ್ಯಾಕ್ಯೂಮ್ ಪೈಪು: ಸೋರದೆಯೇ ಕೆಡುವುದು ಹೇಗೆ, ಸರಿ ಮಾಡುವುದು ಹೇಗೆ

ನಮ್ಮ ಮನೆಯ 1984ರ ಅಂಬಾಸಿಡರ್ ಎರಡು ವರ್ಷದ ಹಿಂದೆ ಒಂದು ಹೊಸ ಚಾಳಿ ಕಲಿಯಿತು. ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಏರು ಸಿಕ್ಕಿದರೆ ಸಾಕು, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಐದು ನಿಮಿಷ ಸುಮ್ನೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಮೂರು ಗ್ಯಾರೇಜ್ ಸುತ್ತಿದೆವು. ಒಬ್ಬರು ಪ್ಲಗ್ಗು, ಪಾಯಿಂಟು, ಕಂಡೆನ್ಸರ್ ಬದಲಿಸಿದರು. ಇನ್ನೊಬ್ಬರು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಮೂರನೆಯವರು ಕಾಯಿಲ್ ಮೇಲೆ ಅನುಮಾನಪಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಹಿಂದೆ ಟ್ಯಾಂಕಿನ ಬಳಿ ಇದ್ದ ಗೇಣುದ್ದದ ರಬ್ಬರ್ ಹೋಸು. ಅದರಿಂದ ಒಂದು ಹನಿ ಪೆಟ್ರೋಲೂ ಸೋರಿರಲಿಲ್ಲ, ವಾಸನೆಯೂ ಇರಲಿಲ್ಲ. ಕೈಯಲ್ಲಿ ಹಿಡಿದು ಬಗ್ಗಿಸಿದಾಗ ಮಾತ್ರ ಮೀನಿನ ಕಿವಿರಿನ ಹಾಗೆ ಸಣ್ಣ ಸಣ್ಣ ಸೀಳು ಬಾಯಿ ತೆರೆದವು.

ಸೋರದೇ ಇದ್ದ ಪೈಪು ಕಾರನ್ನು ನಿಲ್ಲಿಸಿದ್ದು ಹೇಗೆ? ಅದು ಗೊತ್ತಾದರೆ ಹಳೇ ಇಂಜಿನ್ನಿನ ಅರ್ಧ ತೊಂದರೆ ಅರ್ಥವಾದ ಹಾಗೆ.

ಈಗ ಯಾಕೆ ಈ ವಿಷಯ

ಇಷ್ಟು ವರ್ಷ ಹಳೇ ಕಾರಿನವರು ಮಾತ್ರ ತಲೆ ಕೆಡಿಸಿಕೊಳ್ಳುತ್ತಿದ್ದ ಈ ರಬ್ಬರ್ ಪೈಪು ಈಗ ಎಲ್ಲರ ಬಾಯಲ್ಲೂ ಇದೆ. ಕಾರಣ ಇ20. ಅಂದರೆ 100 ಲೀಟರಿನಲ್ಲಿ 20 ಲೀಟರ್ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಅಂದರೆ ಕಬ್ಬು, ಮೆಕ್ಕೆಜೋಳ, ಅಕ್ಕಿಯಂಥವುಗಳಿಂದ ತೆಗೆಯುವ ಆಲ್ಕೋಹಾಲ್. ಭಾರತದಲ್ಲಿ ಇದನ್ನು ಪೆಟ್ರೋಲಿಗೆ ಬೆರೆಸುವುದು 2003ರಲ್ಲೇ 5 ಭಾಗದಿಂದ ಶುರುವಾಯಿತು. 2022ರಲ್ಲಿ ಅದು 10 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಇದು ಎಂಬಂತಾಯಿತು.

2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಕಾರುಗಳ ಪೈಪು, ಸೀಲುಗಳನ್ನು ಇ20ಗೆ ತಡೆದುಕೊಳ್ಳುವ ಹಾಗೆ ಮಾಡಿದ್ದಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬೊರೇಟರ್ ಇದ್ದ ಕಾಲದ ಮಾರುತಿ 800 ಹಾಗಲ್ಲ. ಅವುಗಳ ರಬ್ಬರನ್ನು ಬರೀ ಪೆಟ್ರೋಲ್ ನೆನಪಿಟ್ಟುಕೊಂಡು ಮಾಡಿದ್ದು. ಆಲ್ಕೋಹಾಲ್ ತಗುಲಿದರೆ ಹಳೇ ರಬ್ಬರು ನೆನೆಸಿದ ಕಡಲೆಯ ಹಾಗೆ ಉಬ್ಬಿ ಮೆತ್ತಗಾಗುತ್ತದೆ. ಕಾರು ತಿಂಗಳುಗಟ್ಟಲೆ ನಿಂತು ಒಣಗಿದಾಗ ಅದೇ ರಬ್ಬರು ಕುಗ್ಗಿ ಬಿರಿಯುತ್ತದೆ. ಆಲ್ಕೋಹಾಲಿಗೆ ಇನ್ನೂ ಒಂದು ಗುಣವಿದೆ. ಟ್ಯಾಂಕಿನೊಳಗೆ ವರ್ಷಗಳಿಂದ ಕಟ್ಟಿಕೊಂಡಿದ್ದ ಅಂಟು, ಜಿಡ್ಡನ್ನು ಅದು ಕರಗಿಸಿ ಬಿಡಿಸುತ್ತದೆ. ಬಿಟ್ಟುಕೊಂಡ ಕೊಳೆ ನೇರ ಹೋಗಿ ಕೂರುವುದು ಫಿಲ್ಟರಿನಲ್ಲಿ.

ಹಾಗಂತ ಎಲ್ಲ ತಪ್ಪನ್ನೂ ಇ20 ತಲೆಗೆ ಕಟ್ಟುವ ಹಾಗಿಲ್ಲ. ನಮ್ಮ ಕಾರಿನ ಆ ಹೋಸಿಗೆ ಕಡಿಮೆ ಅಂದರೂ ಇಪ್ಪತ್ತು ವರ್ಷವಾಗಿತ್ತು. ಎಥನಾಲ್ ಇರಲಿ ಬಿಡಲಿ, ಅದರ ಆಯಸ್ಸು ಯಾವಾಗಲೋ ಮುಗಿದಿತ್ತು.

ಎಳನೀರು ಮತ್ತು ಸ್ಟ್ರಾ

ಎಳನೀರು ಕುಡಿಯುವಾಗ ಸ್ಟ್ರಾ ಎಲ್ಲೋ ಸೀಳಿದ್ದರೆ ಏನಾಗುತ್ತದೆ? ಎಷ್ಟು ಎಳೆದರೂ ಗುಳುಗುಳು ಸದ್ದು ಬರುತ್ತದೆ, ನೀರು ಬರುವುದಿಲ್ಲ. ಸೀಳಿನಿಂದ ನೀರು ಹೊರಗೆ ಸೋರುವುದಿಲ್ಲ, ಗಾಳಿಯೇ ಒಳಗೆ ನುಗ್ಗುತ್ತದೆ. ಯಾಕೆಂದರೆ ನೀವು ಎಳೆಯುತ್ತಿದ್ದೀರಿ, ಸ್ಟ್ರಾದ ಒಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗಿದೆ.

ಅಂಬಾಸಿಡರ್‌ನಲ್ಲಿ ಪೆಟ್ರೋಲ್ ಟ್ಯಾಂಕು ಹಿಂದೆ, ಡಿಕ್ಕಿಯ ಬಳಿ. ಪಂಪು ಮುಂದೆ, ಇಂಜಿನ್ನಿನ ಮೈಗೆ ಅಂಟಿಕೊಂಡಿದೆ. ನಡುವೆ ಕಾರಿನ ಉದ್ದಕ್ಕೂ ತೆಳ್ಳನೆಯ ಲೋಹದ ಪೈಪು. ಪಂಪಿನ ಕೆಲಸ ಸ್ಟ್ರಾ ಎಳೆಯುವ ಬಾಯಿಯ ಕೆಲಸ. ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲೇ ತೂತಿದ್ದರೂ ಅದು ಗಾಳಿ ಎಳೆಯುತ್ತದೆ, ಸೋರುವುದು ಅಪರೂಪ. ಏರಿನಲ್ಲಿ ಕಾರಿನ ಮೂತಿ ಮೇಲೆದ್ದು ಟ್ಯಾಂಕು ಇನ್ನೂ ಕೆಳಗಾಗುತ್ತದೆ. ಪಂಪು ಜಾಸ್ತಿ ಜೋರಾಗಿ ಎಳೆಯಬೇಕು. ಜೋರಾಗಿ ಎಳೆದಷ್ಟೂ ಸೀಳಿನಿಂದ ಗಾಳಿ ಜಾಸ್ತಿ. ನಮ್ಮ ಕಾರು ಏರಿನಲ್ಲೇ ಯಾಕೆ ನಿಲ್ಲುತ್ತಿತ್ತು ಅಂದರೆ ಇದಕ್ಕೆ.

ಪಂಪು ದಾಟಿದ ಮೇಲೆ ಕತೆ ತಿರುಗುಮುರುಗು. ಅಲ್ಲಿಂದ ಕಾರ್ಬೊರೇಟರ್‌ವರೆಗೆ ಪೆಟ್ರೋಲನ್ನು ತಳ್ಳಲಾಗುತ್ತದೆ. ಅಲ್ಲಿ ಸೀಳಿದ್ದರೆ ಹೊರಗೆ ಹನಿಯುತ್ತದೆ. ಈ ಇಂಜಿನ್, ಅಂದರೆ ಬ್ರಿಟನ್ನಿನ ಮಾರಿಸ್ ಕಾರುಗಳಿಂದ ಬಂದ 1489 ಸಿಸಿಯದ್ದು, ಗಾಳಿ ಒಳಗೆ ಹೋಗುವ ದಾರಿ ಮತ್ತು ಹೊಗೆ ಹೊರಗೆ ಬರುವ ದಾರಿ ಎರಡನ್ನೂ ಒಂದೇ ಪಕ್ಕದಲ್ಲಿ ಇಟ್ಟುಕೊಂಡಿದೆ. ಕಾರ್ಬೊರೇಟರಿನ ಕೆಳಗೇ ಕಾದ ಎಕ್ಸಾಸ್ಟ್. ಹನಿ ಬೀಳುವುದು ಅದರ ಮೇಲೆ. ಆದ್ದರಿಂದ ಪಂಪಿನ ಹಿಂದಿನ ತೂತು ಕಾರನ್ನು ನಿಲ್ಲಿಸುತ್ತದೆ, ಮುಂದಿನ ತೂತು ಕಾರನ್ನು ಸುಡುತ್ತದೆ.

ಪಂಪಿನ ಹೊಟ್ಟೆಯೊಳಗೆ

ಈ ಪಂಪಿಗೆ ಕರೆಂಟಿಲ್ಲ. ಇಂಜಿನ್ನಿನ ಕ್ಯಾಮ್ ಶಾಫ್ಟ್ ತಿರುಗುವಾಗ ಒಂದು ಸಣ್ಣ ಸನ್ನೆಕೋಲನ್ನು ಎತ್ತಿ ಇಳಿಸುತ್ತದೆ. ಆ ಸನ್ನೆ ಡಯಾಫ್ರಮ್ ಎಂಬ ಬಗ್ಗುವ ಹಾಳೆಯನ್ನು ಕೆಳಗೆ ಎಳೆಯುತ್ತದೆ, ಸ್ಪ್ರಿಂಗು ಅದನ್ನು ಮೇಲೆ ತಳ್ಳುತ್ತದೆ. ಎಳೆದಾಗ ಪೆಟ್ರೋಲ್ ಒಳಗೆ, ತಳ್ಳಿದಾಗ ಹೊರಗೆ. ಹಿಂದಕ್ಕೆ ಹೋಗದಂತೆ ಎರಡು ಪುಟ್ಟ ವಾಲ್ವುಗಳು. ಬೀದಿ ಬೋರಿನ ಕೈಪಂಪನ್ನು ನೆನಪಿಸಿಕೊಂಡರೆ ಇಷ್ಟೂ ಕಣ್ಣಿಗೆ ಕಟ್ಟುತ್ತದೆ.

ಹಳೇ ಡಯಾಫ್ರಮ್ ಕೂಡ ಎಥನಾಲಿಗೆ ಸೋಲುವ ವಸ್ತುವೇ. ಅದು ಹರಿದರೆ ಪೆಟ್ರೋಲ್ ಕೆಳಗೆ ಇಳಿದು ಇಂಜಿನ್ ಆಯಿಲಿಗೆ ಸೇರಬಹುದು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಹೊಡೆದರೆ, ಅಥವಾ ಆಯಿಲ್ ಮಟ್ಟ ತಾನಾಗಿಯೇ ಏರಿದ್ದರೆ, ಕಾರು ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಮೊದಲು ಡಯಾಫ್ರಮ್ ಬದಲಿಸಿ, ಆಯಿಲನ್ನೂ ಬದಲಿಸಿ.

ಹಳೇ ಡ್ರೈವರುಗಳು ಘಾಟಿಯಲ್ಲಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದನ್ನು ನೀವೂ ನೋಡಿರಬಹುದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಾನೆಟ್ ಎತ್ತಿ ನಿಂತ ಕಾರು, ಪಕ್ಕದಲ್ಲಿ ನೀರಿನ ಕ್ಯಾನು. ಅದು ಮೂಢನಂಬಿಕೆ ಅಲ್ಲ. ಇಂಜಿನ್ ತುಂಬ ಕಾದಾಗ ಪಂಪಿನಲ್ಲೇ ಪೆಟ್ರೋಲ್ ಕುದ್ದು ಆವಿಯಾಗುತ್ತದೆ. ಪಂಪು ಆವಿಯನ್ನು ಹಿಂಡುತ್ತಾ ಕೂರುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಇದನ್ನು ವೇಪರ್ ಲಾಕ್ ಅನ್ನುತ್ತಾರೆ. ಬಟ್ಟೆ ತಂಪು ಮಾಡಿದರೆ ಆವಿ ಮತ್ತೆ ದ್ರವವಾಗುತ್ತದೆ. ಆದರೆ ಲೈನಿನಲ್ಲಿ ಗಾಳಿ ಎಳೆಯುತ್ತಿದ್ದರೂ ಲಕ್ಷಣ ಹೆಚ್ಚುಕಮ್ಮಿ ಇದೇ. ನಾವೂ ಆರು ತಿಂಗಳು ಒದ್ದೆ ಬಟ್ಟೆ ಹಾಕಿಕೊಂಡೇ ಓಡಾಡಿದೆವು.

ವ್ಯಾಕ್ಯೂಮ್ ಅಂದರೆ ಏನು

ಇಂಜಿನ್ ಕೂಡ ಒಂದು ಪಂಪೇ. ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಕಾರ್ಬೊರೇಟರಿನಲ್ಲಿರುವ ತಟ್ಟೆ ಬಹುತೇಕ ಮುಚ್ಚಿರುತ್ತದೆ. ಎಳೆತ ಜೋರು, ಬಾಗಿಲು ಬಂದ್. ಹಾಗಾಗಿ ತಟ್ಟೆಯ ಆಚೆ, ಇಂಜಿನ್ ಕಡೆಗೆ ಒತ್ತಡ ಇಳಿದುಬಿಡುತ್ತದೆ. ಆ ಕಡಿಮೆ ಒತ್ತಡಕ್ಕೇ ವ್ಯಾಕ್ಯೂಮ್ ಎಂದು ಹೆಸರು. ಪೂರಾ ಶೂನ್ಯ ಅಲ್ಲ, ಹೊರಗಿಗಿಂತ ಕಡಿಮೆ ಅಷ್ಟೆ.

ಈ ಎಳೆತ ಬಿಟ್ಟಿ ಸಿಗುವ ಶಕ್ತಿ. ಸಣ್ಣ ಪೈಪಿನಲ್ಲಿ ತೆಗೆದುಕೊಂಡು ಹೋಗಿ ಬೇರೆ ಕೆಲಸಕ್ಕೆ ಬಳಸಬಹುದು. ಬ್ರೇಕ್ ಬೂಸ್ಟರ್ ಇರುವ ಕಾರುಗಳಲ್ಲಿ ಹೆಬ್ಬೆರಳು ಗಾತ್ರದ ಹೋಸು ಇದನ್ನೇ ಒಯ್ದು ಬ್ರೇಕ್ ಹಗುರ ಮಾಡುತ್ತದೆ. ಅಂಬಾಸಿಡರ್‌ನಲ್ಲಿ ಮುಖ್ಯವಾದದ್ದು ಇನ್ನೊಂದು: ಕಾರ್ಬೊರೇಟರ್‌ನಿಂದ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ, ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪಗಿನ ಪೈಪು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡಿಸ್ಟ್ರಿಬ್ಯೂಟರ್ ಅಂದರೆ ಡೆಲ್ಕೊ.

ಡೆಲ್ಕೊಗೆ ಈ ಎಳೆತ ಯಾಕೆ ಬೇಕು? ಸೌದೆ ಹಸಿಯಿದ್ದರೆ ಒಲೆ ಸ್ವಲ್ಪ ಮುಂಚೆಯೇ ಹಚ್ಚಬೇಕು ಅಲ್ವಾ? ಕಾರು ಸಮತಟ್ಟು ರಸ್ತೆಯಲ್ಲಿ ಹಗುರಾಗಿ ಓಡುವಾಗ ಸಿಲಿಂಡರಿನಲ್ಲಿ ಗಾಳಿ ಪೆಟ್ರೋಲಿನ ಮಿಶ್ರಣ ತೆಳ್ಳಗಿರುತ್ತದೆ, ನಿಧಾನ ಉರಿಯುತ್ತದೆ. ಆಗ ಕಿಡಿ ಸ್ವಲ್ಪ ಮುಂಚೆ ಬೀಳಬೇಕು. ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿದಾಗ ಮಿಶ್ರಣ ದಟ್ಟ, ಬೇಗ ಉರಿಯುತ್ತದೆ, ಕಿಡಿ ಮುಂಚೆ ಬಿದ್ದರೆ ಇಂಜಿನ್ ಟಕಟಕ ಬಡಿಯುತ್ತದೆ. ಡೆಲ್ಕೊ ಪಕ್ಕದಲ್ಲಿರುವ ತಟ್ಟೆಯಾಕಾರದ ಡಬ್ಬಿಯಲ್ಲಿ ಇನ್ನೊಂದು ಡಯಾಫ್ರಮ್ ಇದೆ. ಹಗುರ ಓಟದಲ್ಲಿ ವ್ಯಾಕ್ಯೂಮ್ ಜಾಸ್ತಿ, ಅದು ಡಯಾಫ್ರಮ್ ಎಳೆದು ಕಿಡಿಯನ್ನು ಹಿಂದೆಮುಂದೆ ಮಾಡುವ ಪ್ಲೇಟನ್ನು ತಿರುಗಿಸುತ್ತದೆ. ಪೂರ್ತಿ ತುಳಿದಾಗ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಪ್ಲೇಟು ವಾಪಸ್.

ಲ್ಯೂಕಾಸ್ ಕಂಪನಿಯ ಈ ಡಬ್ಬಿಗಳ ಮೇಲೆ ಮೂರು ಅಂಕಿ ಕೊರೆದಿರುತ್ತದೆ. ಉದಾಹರಣೆಗೆ 5 13 10. ಇದು ಪಾರ್ಟ್ ನಂಬರ್ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಅರ್ಥ ಇಷ್ಟು: 5 ಇಂಚು (ವ್ಯಾಕ್ಯೂಮನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ) ವ್ಯಾಕ್ಯೂಮಿಗೆ ಕದಲಲು ಶುರು, 13 ಇಂಚಿಗೆ ಪೂರ್ತಿ, ಒಟ್ಟು 10 ಡಿಗ್ರಿ ಡೆಲ್ಕೊ ಲೆಕ್ಕದಲ್ಲಿ. ಡೆಲ್ಕೊ ತಿರುಗುವುದು ಇಂಜಿನ್ನಿನ ಅರ್ಧ ವೇಗದಲ್ಲಿ, ಆದ್ದರಿಂದ ಇಂಜಿನ್ ಲೆಕ್ಕದಲ್ಲಿ 20 ಡಿಗ್ರಿ.

ಈ ಪೈಪು ಬಿರುಕು ಬಿಟ್ಟರೆ ಕಾರು ನಿಲ್ಲುವುದಿಲ್ಲ, ಅದೇ ತೊಂದರೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಪಿಕಪ್ ಮಂದವಾಗುತ್ತದೆ, ಇಂಜಿನ್ ಜಾಸ್ತಿ ಬಿಸಿಯಾಗುತ್ತದೆ. ವಯಸ್ಸಾಯ್ತು ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಮ್ಯಾನಿಫೋಲ್ಡ್, ಅಂದರೆ ಕಾರ್ಬೊರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಕೊಳವೆಯ ಕಡೆ ಗಾಳಿ ಎಳೆದರೆ ಮಾತ್ರ ಐಡ್ಲಿಂಗ್ (ಆಕ್ಸಿಲರೇಟರ್ ತುಳಿಯದೆ ಇಂಜಿನ್ ಓಡುವುದು) ಒಂದೇ ಸಮನಾಗಿರುವುದಿಲ್ಲ, ಇಂಜಿನ್ ಮಿಸ್ ಹೊಡೆಯುತ್ತದೆ. ಅಳತೆ ಇಲ್ಲದ ಗಾಳಿ ಸೇರಿ ಮಿಶ್ರಣ ಇನ್ನೂ ತೆಳ್ಳಗಾಗಿರುತ್ತದೆ.

ಇಲ್ಲೂ ಇ20 ಕೈ ಆಡಿಸುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಹಳೇ ಕಾರ್ಬೊರೇಟರಿಗೆ ಟ್ಯಾಂಕಿನಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ, ಮೊದಲಿನ ಅಳತೆಯಲ್ಲೇ ಬೆರೆಸುತ್ತದೆ. ಹಾಗಾಗಿ ಗಾಳಿ ಮೊದಲೇ ಒಂದು ಕೈ ಜಾಸ್ತಿ. ಮುಂಚೆ ಗೊತ್ತೇ ಆಗದಿದ್ದ ಸಣ್ಣ ವ್ಯಾಕ್ಯೂಮ್ ಸೀಳು ಈಗ ಎದ್ದು ಕಾಣುವುದು ಇದರಿಂದ.

ಕಾಣದ ತೂತು ಹುಡುಕುವುದು

ಪೆಟ್ರೋಲ್ ಲೈನಿಗೆ ಒಂದು ಸುಲಭ ಉಪಾಯವಿದೆ. ಪಂಪಿಗೆ ಬರುವ ಹೋಸಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪು ತಾತ್ಕಾಲಿಕವಾಗಿ ಹಾಕಿ ಇಂಜಿನ್ ಓಡಿಸಿ. ಮೊದಲ ಅರ್ಧ ನಿಮಿಷ ಗುಳ್ಳೆ ಬರುವುದು ಸಹಜ. ಆಮೇಲೆ ಪೆಟ್ರೋಲ್ ಗಾಜಿನ ಹಾಗೆ ಸ್ವಚ್ಛವಾಗಿ ಹರಿಯಬೇಕು. ನಮ್ಮದರಲ್ಲಿ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆಗಳ ಸಾಲು ನಿಲ್ಲಲೇ ಇಲ್ಲ. ಹಾಗೆ ಬಂದರೆ ಪಂಪಿನ ಹಿಂದೆ ಎಲ್ಲೋ ಗಾಳಿ ಸೇರುತ್ತಿದೆ ಎಂದೇ ಅರ್ಥ. ಪರೀಕ್ಷೆ ಮುಗಿದ ಕೂಡಲೇ ಆ ಪೈಪು ತೆಗೆಯಿರಿ. ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಪೆಟ್ರೋಲಿಗೆ ಗಟ್ಟಿಯಾಗಿ ಒಡೆಯುತ್ತದೆ.

ವ್ಯಾಕ್ಯೂಮ್ ಕಡೆಗೆ ಕಿವಿಯೇ ಸಾಕು. ಒಂದು ಮಾರುದ್ದದ ಹೋಸಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಪ್ರತಿ ಜಾಯಿಂಟಿನ ಹತ್ತಿರ. ಫ್ಯಾನಿನಿಂದ ದೂರವಿರಿ. ಸೀಳು ಸಿಕ್ಕಲ್ಲಿ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಇಲ್ಲದಿದ್ದರೆ ಒಂದೊಂದೇ ಹೋಸನ್ನು ಇಕ್ಕಳದಲ್ಲಿ ಮೆತ್ತಗೆ ಹಿಂಡಿ. ಹಿಂಡಿದಾಗ ಐಡ್ಲಿಂಗ್ ಸುಧಾರಿಸಿದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವವರಿದ್ದಾರೆ. ಕಾದ ಇಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು, ನೀರಿನ ಸ್ಪ್ರೇ ಬಾಟಲಿಯಲ್ಲೇ ಕೆಲಸವಾಗುತ್ತದೆ. ಊದುಬತ್ತಿ ಹೊಗೆಯಲ್ಲಿ ನೋಡಬಹುದು ಎಂದು ನನಗೊಬ್ಬರು ಸಲಹೆ ಕೊಟ್ಟರು. ಪೆಟ್ರೋಲ್ ಪೈಪಿನ ಪಕ್ಕದಲ್ಲಿ ಊದುಬತ್ತಿ!

ಡೆಲ್ಕೊದ ಡಬ್ಬಿ ನೋಡಲು ಹಳೇ ಪೈಪು ತೆಗೆದು, ಶುಚಿಯಾದ ಹೊಸ ಹೋಸಿನ ತುಂಡು ಸಿಕ್ಕಿಸಿ. ಡೆಲ್ಕೊ ಮುಚ್ಚಳ ತೆಗೆದು ಬಾಯಿಂದ ಎಳೆಯಿರಿ. ಒಳಗಿನ ಪ್ಲೇಟು ಕದಲಬೇಕು. ಈಗ ನಾಲಿಗೆಯಿಂದ ಹೋಸಿನ ಬಾಯಿ ಮುಚ್ಚಿ. ಪ್ಲೇಟು ಅಲ್ಲೇ ನಿಂತರೆ ಡಯಾಫ್ರಮ್ ಗಟ್ಟಿಯಿದೆ. ನಿಧಾನವಾಗಿ ಜಾರಿದರೆ ಡಬ್ಬಿ ಬದಲಿಸಬೇಕು, ಹೊಸ ಪೈಪು ಹಾಕಿ ಪ್ರಯೋಜನವಿಲ್ಲ.

ಯಾವ ಹೋಸು ತರಬೇಕು

ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಮಾರುವ ಜೆ.ಸಿ. ರಸ್ತೆಯಲ್ಲಿ ಸುಮ್ನೆ ಪೆಟ್ರೋಲ್ ಪೈಪು ಕೊಡಿ ಅಂದರೆ ಹತ್ತು ಬಗೆ ತೋರಿಸುತ್ತಾರೆ. ಎಲ್ಲ ಕಪ್ಪಗೇ ಇರುತ್ತವೆ. ಹೋಸಿನ ಮೈಮೇಲೆ ಅಚ್ಚಾಗಿರುವ ಅಕ್ಷರ ಓದಬೇಕು. ಎಸ್‌ಎಇ ಜೆ30 ಆರ್9 (ಇದು ಹೋಸಿನ ಗುಣಮಟ್ಟದ ಗುರುತು) ಎಂದಿದ್ದರೆ ಅದರ ಒಳಪದರ ಫ್ಲೋರಿನ್ ಇರುವ ರಬ್ಬರಿನದು, ವೈಟಾನ್ ಎಂಬ ಹೆಸರಲ್ಲಿ ಪ್ರಸಿದ್ಧವಾದ ಬಗೆ. ಎಥನಾಲಿಗೆ ಇದು ಜಗ್ಗುವುದಿಲ್ಲ. ಆರ್6, ಆರ್7 ಹಳೇ ಕಾರ್ಬೊರೇಟರ್ ಕಾರಿಗೆ ಮಾಡಿದ ಹೋಸುಗಳೇ, ಅಗ್ಗವೂ ಹೌದು. ಆದರೆ ನಾನು ಆರ್9ಗೇ ದುಡ್ಡು ಹಾಕುತ್ತೇನೆ. ಇಡೀ ಕಾರಿಗೆ ಬೇಕಾಗುವುದು ಒಂದೆರಡು ಮೀಟರ್. ಅಚ್ಚೇ ಇಲ್ಲದ ಹೋಸನ್ನು ಎಷ್ಟೇ ಹೊಗಳಿದರೂ ತರಬೇಡಿ.

ಒಳವ್ಯಾಸ ಸಾಮಾನ್ಯವಾಗಿ 6 ಅಥವಾ 8 ಮಿಲಿಮೀಟರ್. ಊಹಿಸಬೇಡಿ, ಲೋಹದ ಪೈಪಿನ ತುದಿಯನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಸಡಿಲ ಹೋಸನ್ನು ಕ್ಲಿಪ್ಪಿನಿಂದ ಬಿಗಿದು ಕೂರಿಸಿದರೆ ಮಡಿಕೆ ಬಿದ್ದು ಅಲ್ಲೇ ಗಾಳಿ ಎಳೆಯುತ್ತದೆ. ಹೋಸನ್ನು ಹೊಸ ಬ್ಲೇಡಿನಲ್ಲಿ ಒಂದೇ ಏಟಿಗೆ ಕತ್ತರಿಸಿ. ಗರಗಸ ಹಾಕಿದರೆ ರಬ್ಬರಿನ ಪುಡಿ ಒಳಗೆ ಉಳಿದು ಕಾರ್ಬೊರೇಟರಿನ ಸೂಜಿ ವಾಲ್ವಿನಲ್ಲಿ ಹೋಗಿ ಕೂರುತ್ತದೆ. ಪೆಟ್ಟಿ ಅಂಗಡಿಯ ಹಲ್ಲಿರುವ ಕ್ಲಿಪ್ಪು ಸಣ್ಣ ಹೋಸನ್ನು ಕಚ್ಚಿ ಗಾಯ ಮಾಡುತ್ತದೆ, ಅಂಚು ನಯವಾಗಿರುವ ಕ್ಲಿಪ್ಪೇ ಒಳ್ಳೆಯದು. ಪಂಪಿನ ಮುಂಚೆ ಒಳಗೆ ಕಾಣುವಂಥ ಫಿಲ್ಟರ್ ಹಾಕಿ. ಮೊದಲ ಕೆಲವು ಟ್ಯಾಂಕು ಪೆಟ್ರೋಲ್ ಮುಗಿಯುವ ತನಕ ವಾರಕ್ಕೊಮ್ಮೆ ಅದನ್ನು ನೋಡಿ.

ವ್ಯಾಕ್ಯೂಮ್ ಹೋಸಿಗೆ ದಪ್ಪ ಗೋಡೆ ಬೇಕು. ತೆಳ್ಳಗಿನದು ಎಳೆತಕ್ಕೆ ಚಪ್ಪಟೆಯಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಫಿಶ್ ಟ್ಯಾಂಕ್ ಪೈಪು ಹಾಕಿದ ಡೆಲ್ಕೊಗಳನ್ನು ನಾನು ಕಂಡಿದ್ದೇನೆ, ಇಂಜಿನ್ ಬಿಸಿಗೆ ಅದು ಬೆಂದ ಶಾವಿಗೆಯಾಗಿರುತ್ತದೆ.

ಲೋಹದ ಪೈಪು ಮತ್ತು ಟ್ಯಾಂಕು

ಕಾರಿನಡಿಯ ಉದ್ದ ಪೈಪನ್ನು ಬಿಚ್ಚದೆಯೂ ಪರೀಕ್ಷಿಸಬಹುದು. ಎರಡೂ ತುದಿ ಕಳಚಿ, ಪಂಪಿನ ಕಡೆಯಿಂದ ಕಡಿಮೆ ಒತ್ತಡದ ಗಾಳಿ ಊದಿ, ಇನ್ನೊಂದು ತುದಿಗೆ ಬಿಳಿ ಬಟ್ಟೆ ಹಿಡಿಯಿರಿ. ಕೆಂಪು ಪುಡಿ ಬಂದರೆ ಒಳಗೆ ತುಕ್ಕು. ಕ್ಲಿಪ್ಪುಗಳ ಕೆಳಗೆ ಮಣ್ಣು ನೀರು ಕೂತು ಹೊರಗಿನಿಂದಲೂ ತಿಂದಿರುತ್ತದೆ, ಅಲ್ಲಿ ಉಗುರಿನಿಂದ ಕೆರೆದು ನೋಡಿ. ಬದಲಿಸುವುದಾದರೆ ಸ್ಟೀಲ್ ಪೈಪು ಅಥವಾ ತಾಮ್ರ ನಿಕಲ್ ಬೆರೆತ ಪೈಪು ಹಾಕಿ. ಬರೀ ತಾಮ್ರ ಕೈಯಲ್ಲೇ ಬಗ್ಗುತ್ತದೆ ಎಂದು ಗ್ಯಾರೇಜಿನವರಿಗೆ ಇಷ್ಟ. ಆದರೆ ಕಾರಿನ ಅದುರಾಟಕ್ಕೆ ತಾಮ್ರ ಗಟ್ಟಿಯಾಗುತ್ತಾ ಹೋಗಿ ಒಂದು ದಿನ ಬಿರಿಯುತ್ತದೆ.

ಟ್ಯಾಂಕಿನ ಬಗ್ಗೆ ಒಂದೇ ಮಾತು, ಆದರೆ ಜೀವದ ಮಾತು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತು ಬಾಂಬಿನ ಹಾಗಿರುತ್ತದೆ. ತೊಳೆದಿದ್ದೇವೆ ಎಂದರೂ ವೆಲ್ಡಿಂಗಿಗೆ ಕೊಡಬೇಡಿ, ಅದನ್ನೇ ಕಸುಬಾಗಿ ಮಾಡುವವರ ಬಳಿ ಒಯ್ಯಿರಿ. ಪೈಪಿನ ಕೆಲಸ ಮಾಡುವಾಗಲೂ ಬ್ಯಾಟರಿ ಕಳಚಿ, ಬಯಲಿನಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ.

ಜೋಡಿಸಿದ ಮೇಲೆ

ಹೊಸ ಲೈನು ಖಾಲಿ ಇರುತ್ತದೆ, ಮೊದಲ ಸ್ಟಾರ್ಟಿಗೆ ತಾಳ್ಮೆ ಬೇಕು. ಪಂಪಿಗೆ ಕೈಯಿಂದ ಒತ್ತುವ ಸನ್ನೆ ಇದ್ದರೆ ಇಪ್ಪತ್ತು ಮೂವತ್ತು ಸಲ ಒತ್ತಿ. ಇಂಜಿನ್ ಹಿಡಿದ ಮೇಲೆ ಟಾರ್ಚ್ ಹಾಕಿ ಪ್ರತಿ ಜಾಯಿಂಟನ್ನೂ ಬೆರಳಿನಿಂದ ಮುಟ್ಟಿ ನೋಡಿ.

ಆಮೇಲೆ ಐಡ್ಲಿಂಗ್ ವಿಪರೀತ ಏರಿದರೆ ಗಾಬರಿ ಬೇಡ. ಸೀಳಿದ ಪೈಪಿನ ಜೊತೆ ಇಂಜಿನ್ ನಿಲ್ಲದಿರಲಿ ಎಂದು ಹಿಂದೆ ಯಾರೋ ಸ್ಕ್ರೂ ತಿರುಗಿಸಿರುತ್ತಾರೆ. ಸೀಳು ಹೋಯಿತು, ಸ್ಕ್ರೂ ಅಲ್ಲೇ ಉಳಿಯಿತು. ನಮ್ಮದರಲ್ಲಿ ಒಂದೂವರೆ ಸುತ್ತು ವಾಪಸ್ ತಿರುಗಿಸಬೇಕಾಯಿತು.

ವ್ಯಾಕ್ಯೂಮ್ ಗೇಜು ಸಿಕ್ಕಿದರೆ ಮ್ಯಾನಿಫೋಲ್ಡಿಗೆ ಹಾಕಿ. ಪುಸ್ತಕಗಳಲ್ಲಿ ಆರೋಗ್ಯವಂತ ಇಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು ತೋರಿಸಬೇಕು ಎಂದಿರುತ್ತದೆ. ಮುಳ್ಳು ಅಲುಗಾಡದೆ ನಿಲ್ಲಬೇಕು. ಎಲ್ಲ ಹೊಸದು ಹಾಕಿದ ಮೇಲೂ ನಮ್ಮ ಬೆಂಗಳೂರಿನ ಮನೆಯಲ್ಲಿ ಗೇಜು 16 ದಾಟಲಿಲ್ಲ. ಎರಡು ದಿನ ಇಲ್ಲದ ತೂತು ಹುಡುಕಿದೆ. ಆಮೇಲೆ ಹೊಳೆಯಿತು: ಪುಸ್ತಕದ ಲೆಕ್ಕ ಸಮುದ್ರ ಮಟ್ಟದ್ದು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ, ಬೆಂಗಳೂರು ಇರುವುದು ಮೂರು ಸಾವಿರ ಅಡಿ ಎತ್ತರದಲ್ಲಿ. ಮುಂದಿನ ತಿಂಗಳು ಅದೇ ಕಾರಿನಲ್ಲಿ, ಒದ್ದೆ ಬಟ್ಟೆ ಇಲ್ಲದೆ, ಶಿರಾಡಿ ಇಳಿದು ಮಂಗಳೂರಿಗೆ ಹೋದಾಗ ಬಂದರಿನ ಹತ್ತಿರ ನಿಲ್ಲಿಸಿ ಗೇಜು ಸಿಕ್ಕಿಸಿದೆ. ಒಂದು ಸ್ಕ್ರೂ ಕೂಡ ಮುಟ್ಟಿರಲಿಲ್ಲ. ಮುಳ್ಳು 19ರಲ್ಲಿ ನಿಂತಿತ್ತು.